ಹಳೆಯ ವಕೀಲರೊಂದಿಗೆ ಶುಲ್ಕದ ತಕರಾರು: ಕಡತ ಬೇರೆ, ಲೆಕ್ಕ ಬೇರೆ, ನಡತೆ ಬೇರೆ

ಶಿರಸಿಯ ನ್ಯಾಯಾಲಯದಲ್ಲಿ ನಮ್ಮ ಮನೆಯ ಪಾಲಿನ ದಾವೆ ನಡೆಯುತ್ತಿದ್ದಾಗ, ಸಾಕ್ಷಿ ವಿಚಾರಣೆ ಅರ್ಧಕ್ಕೆ ಬಂದಿದ್ದ ಹೊತ್ತಿನಲ್ಲಿ ನಾವು ವಕೀಲರನ್ನು ಬದಲಾಯಿಸಿದೆವು. ಕಾರಣ ದೊಡ್ಡದೇನಲ್ಲ. ಫೋನಿಗೆ ಸಿಗುತ್ತಿರಲಿಲ್ಲ, ಮುದ್ದತ್ತಿಗೆ, ಅಂದರೆ ವಿಚಾರಣೆಯ ತಾರೀಕಿಗೆ, ಕಿರಿಯರನ್ನು ಕಳಿಸುತ್ತಿದ್ದರು, ಒಂದು ದಿನ ನಮ್ಮ ಭಾವನಿಗೆ ಸಿಟ್ಟು ಬಂತು. ಕಡತ ಕೇಳಲು ಹೋದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇನ್ನೂ ನಲವತ್ತು ಸಾವಿರ ಬಾಕಿ ಇದೆ. ಅದನ್ನು ಮುಗಿಸಿ ಕಡತ ಒಯ್ಯಿರಿ" ಎಂದರು. ಮುಂದಿನ ಮುದ್ದತ್ತಿಗೆ ಹನ್ನೆರಡು ದಿನ ಉಳಿದಿತ್ತು.

ಆ ಹನ್ನೆರಡು ದಿನಗಳಲ್ಲಿ ನಾವು ಮಾಡಬಾರದ್ದನ್ನೆಲ್ಲ ಮಾಡಿದೆವು. ಪೊಲೀಸ್ ಠಾಣೆಗೆ ಹೋದೆವು. ಇದು ಸಿವಿಲ್ ವಿಷಯ ಎಂದು ಕಳಿಸಿದರು. ಭಾವ ದೇವಿಮನೆ ಘಟ್ಟ ಇಳಿದು ಗ್ರಾಹಕ ಆಯೋಗಕ್ಕೆ ಅರ್ಜಿ ಕೊಡಲು ಕಾರವಾರದ ತನಕ ಹೋಗಿ ಬರಿಗೈಯಲ್ಲಿ ಮರಳಿದರು. ಬಾರ್ ಕೌನ್ಸಿಲಿಗೆ ಬರೆಯುತ್ತೇವೆ ಎಂದು ವಕೀಲರಿಗೇ ಫೋನಿನಲ್ಲಿ ಗದರಿಸಿದೆವು. ಕೊನೆಗೆ ದಾರಿ ತೋರಿಸಿದವರು ಕುಮಟಾದ ಒಬ್ಬ ನಿವೃತ್ತ ಕೋರ್ಟ್ ನೌಕರರು. ನಮ್ಮ ಗೋಳನ್ನು ಪೂರ್ತಿ ಕೇಳಿ ಅವರು ಹೇಳಿದ್ದು ಇಷ್ಟೇ: "ನೀವು ಮೂರು ಜಗಳಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ಮೊದಲು ಬಿಚ್ಚಿ."

ಕಡತ ವಾಪಸು ಬರಬೇಕಾದದ್ದು ಒಂದು ಜಗಳ. ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬ ಲೆಕ್ಕ ಎರಡನೆಯದು. ವಕೀಲರು ವೃತ್ತಿಗೆ ತಕ್ಕಂತೆ ನಡೆದುಕೊಂಡರೇ ಎಂಬುದು ಮೂರನೆಯದು. ಇವುಗಳಿಗೆ ಬೇರೆ ಬೇರೆ ಬಾಗಿಲುಗಳಿವೆ. ಲೆಕ್ಕದ ಜಗಳವನ್ನು ನಡತೆಯ ಬಾಗಿಲಿಗೆ ಒಯ್ದರೆ ಹಣ ಬರುವುದಿಲ್ಲ. ಕಡತದ ಜಗಳವನ್ನು ಲೆಕ್ಕಕ್ಕೆ ಕಟ್ಟಿದರೆ ದಾವೆಯೇ ಹಾಳಾಗುತ್ತದೆ. ನಾವು ಆಮೇಲೆ ಹಿಡಿದ ದಾರಿಯನ್ನು, ಹಿಡಿಯಬೇಕಿದ್ದ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಮುದ್ದತ್ತು ತಪ್ಪಬಾರದು

ವಕೀಲರೊಂದಿಗೆ ಮಾತು ಮುರಿದ ದಿನ ಮಾಡಬೇಕಾದ ಮೊದಲ ಕೆಲಸ ಜಗಳವಲ್ಲ, ಮುಂದಿನ ತಾರೀಕು ತಿಳಿದುಕೊಳ್ಳುವುದು. ಪ್ರತಿ ಪ್ರಕರಣಕ್ಕೂ 16 ಅಕ್ಷರ ಹಾಗೂ ಅಂಕಿಗಳ ಒಂದು ಸಿಎನ್‌ಆರ್ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಕು, ಹಿಂದಿನ ತಾರೀಕುಗಳಲ್ಲಿ ನಡೆದದ್ದು, ಹಲವು ಬಾರಿ ಆದೇಶದ ಪ್ರತಿಯೂ ಸಿಗುತ್ತದೆ. ಸಂಖ್ಯೆ ಗೊತ್ತಿಲ್ಲದಿದ್ದರೆ ಪಕ್ಷಗಾರರ ಹೆಸರಿನಿಂದಲೂ ಹುಡುಕಬಹುದು. ನಮ್ಮ ದಾವೆಯಲ್ಲಿ ಹಿಂದಿನ ವರ್ಷ ಏನೇನಾಗಿತ್ತು ಎಂಬುದು ನಮಗೆ ಮೊದಲ ಸಲ ತಿಳಿದದ್ದೇ ಹೀಗೆ.

ವಕಾಲತ್ತುನಾಮೆಯ, ಅಂದರೆ ನಮ್ಮ ಪರ ನಿಲ್ಲಲು ವಕೀಲರಿಗೆ ಕೊಡುವ ಅಧಿಕಾರಪತ್ರದ, ವಿಷಯದಲ್ಲಿ ಜನರಿಗೆ ಒಂದು ತಪ್ಪು ತಿಳಿವಳಿಕೆ ಇದೆ. "ನೀವು ಬೇಡ" ಎಂದು ಬಾಯಲ್ಲಿ ಹೇಳಿದರೆ ವಕೀಲರ ಅಧಿಕಾರ ಮುಗಿಯುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೆಯ ಆದೇಶದ 4ನೆಯ ನಿಯಮದ ಪ್ರಕಾರ, ನ್ಯಾಯಾಲಯದ ಅನುಮತಿ ಪಡೆದು ಲಿಖಿತವಾಗಿ ಸಲ್ಲಿಸಿ ಮುಗಿಸುವ ತನಕ ವಕಾಲತ್ತು ಜೀವಂತವಾಗಿಯೇ ಇರುತ್ತದೆ. ಅಷ್ಟರವರೆಗೆ ನ್ಯಾಯಾಲಯದ ಕಣ್ಣಿಗೆ ನಿಮ್ಮ ವಕೀಲರು ಹಳಬರೇ.

ರೂಢಿಯಲ್ಲಿ ಹಳೆಯ ವಕೀಲರು ಹೊಸ ವಕಾಲತ್ತಿನ ಮೇಲೆ "ಆಕ್ಷೇಪಣೆ ಇಲ್ಲ" ಎಂದು ಬರೆದು ಸಹಿ ಹಾಕುತ್ತಾರೆ. ಬಾಕಿಯ ಕಾರಣಕ್ಕೆ ಸಹಿ ಹಾಕಲು ಒಪ್ಪದಿದ್ದರೆ ಹೆದರಬೇಕಾಗಿಲ್ಲ. ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) ನಿಯಮಗಳಲ್ಲಿ 39ನೆಯದು ಇದನ್ನೇ ಹೇಳುತ್ತದೆ: ಒಪ್ಪಿಗೆ ಸಿಗದಿದ್ದರೆ ಅದರ ಕಾರಣವನ್ನು ಅರ್ಜಿಯಲ್ಲಿ ತಿಳಿಸಿ, ನ್ಯಾಯಾಲಯದ ಅನುಮತಿಯಿಂದ ಹೊಸ ವಕೀಲರು ಹಾಜರಾಗಬಹುದು. ನಮ್ಮದು ಹಾಗೆಯೇ ಆಯಿತು. ಅರ್ಜಿ ಒಂದೂವರೆ ಪುಟದ್ದು. ಅದರಲ್ಲಿ ಹಳೆಯ ವಕೀಲರನ್ನು ಬೈದ ಒಂದು ಪದವೂ ಇರಲಿಲ್ಲ. ಹೊಸ ವಕೀಲರು ಅದನ್ನೆಲ್ಲ ಹೊಡೆದು ಹಾಕಿದ್ದರು. ಶುಲ್ಕ ಬಾಕಿ ಇದೆಯೋ ಇಲ್ಲವೋ ಎಂಬ ಚರ್ಚೆಗೆ ಅಲ್ಲಿ ಜಾಗವಿಲ್ಲ, ಅದನ್ನು ಎತ್ತಲೂಬಾರದು.

ಹೊಸ ವಕೀಲರು ಸಿಗುವುದೇ ಕಷ್ಟವಾಗಬಹುದು. ಸಣ್ಣ ಊರು, ಎಲ್ಲರೂ ಒಂದೇ ಸಂಘದ ಕೋಣೆಯಲ್ಲಿ ಚಹಾ ಕುಡಿಯುವವರು. ಅಲ್ಲಿ ಆಗದಿದ್ದರೆ ಪಕ್ಕದ ತಾಲೂಕಿನವರನ್ನು ಕೇಳಿ. ಶಿರಸಿಯವರಿಗೆ ಸಿದ್ದಾಪುರ, ಯಲ್ಲಾಪುರ, ಕರಾವಳಿಯವರಿಗೆ ಹೊನ್ನಾವರ, ಅಂಕೋಲಾ ದೂರವಲ್ಲ. ಯಾರೂ ಸಿಗುವ ಮುನ್ನವೇ ತಾರೀಕು ಬಂದರೆ ನೀವೇ ಹೋಗಿ ನಿಂತು, ವಕೀಲರನ್ನು ಬದಲಾಯಿಸುತ್ತಿದ್ದೇನೆ, ಒಂದು ಮುದ್ದತ್ತು ಕೊಡಿ ಎಂದು ಕೇಳಿ. ಗೈರುಹಾಜರಿಗಿಂತ ಅದು ಸಾವಿರ ಪಾಲು ವಾಸಿ.

ದಾವೆಯಲ್ಲಿ ತೀರ್ಪು ಆಗಿಹೋಗಿದ್ದರೆ ಅವಸರ ಇನ್ನೂ ಹೆಚ್ಚು. ಡಿಕ್ರಿಯ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿಗೆ 30 ದಿನ, ಧಾರವಾಡ ಪೀಠಕ್ಕೆ ಹೋಗುವುದಾದರೆ, ಅಂದರೆ ಉಚ್ಚ ನ್ಯಾಯಾಲಯಕ್ಕೆ, 90 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಕಳೆಯುತ್ತಾರೆ. ಆದರೆ ನಕಲಿಗೆ ಅರ್ಜಿ ಹಾಕಿದ್ದರೆ ಮಾತ್ರ. ಹಳೆಯ ವಕೀಲರ ಬಳಿ ಇರುವ ಪ್ರತಿಗಾಗಿ ಕಾಯುತ್ತಾ ಕುಳಿತ ದಿನಗಳಿಗೆ ಯಾರೂ ರಿಯಾಯಿತಿ ಕೊಡುವುದಿಲ್ಲ.

ಎರಡನೆಯ ಹೆಜ್ಜೆ: ಕಡತ

ಬಾಕಿ ಕೊಡದೆ ಕಡತ ಕೊಡುವುದಿಲ್ಲ ಎಂಬ ಮಾತು ಎಷ್ಟು ಹಳೆಯದೋ ಅಷ್ಟೇ ಆಧಾರವಿಲ್ಲದ್ದು. 2000ದಲ್ಲಿ ಸುಪ್ರೀಂ ಕೋರ್ಟ್ ಆರ್.ಡಿ. ಸಕ್ಸೇನಾ ವಿರುದ್ಧ ಬಲರಾಮ್ ಪ್ರಸಾದ್ ಶರ್ಮಾ ಪ್ರಕರಣದಲ್ಲಿ ಇದನ್ನು ಇತ್ಯರ್ಥ ಮಾಡಿದೆ. ಮಧ್ಯಪ್ರದೇಶದ ಒಂದು ಸಹಕಾರಿ ಬ್ಯಾಂಕಿನ ಕಡತಗಳನ್ನು ವಕೀಲರು ಶುಲ್ಕದ ಬಾಕಿಗಾಗಿ ಹಿಡಿದಿಟ್ಟುಕೊಂಡಿದ್ದರು. ಒತ್ತೆ ಇಟ್ಟುಕೊಳ್ಳುವ ಹಕ್ಕು ಸರಕಿಗೆ ಸಂಬಂಧಿಸಿದ್ದು. ದಾವೆಯ ಕಾಗದಗಳು ಮಾರಿ ಹಣ ಮಾಡಿಕೊಳ್ಳುವ ಸರಕಲ್ಲ ಎಂದಿತು ನ್ಯಾಯಾಲಯ. ಕೇಳಿದಾಗ ಕಡತ ಹಿಂತಿರುಗಿಸದಿರುವುದು ವೃತ್ತಿ ದುರ್ನಡತೆ. ಬಾಕಿ ಇದ್ದರೆ ವಸೂಲಿಗೆ ವಕೀಲರು ಬೇರೆ ದಾರಿ ಹಿಡಿಯಬೇಕು. ಆ ಪ್ರಕರಣದ ವಕೀಲರಿಗೆ ಪರಿಷತ್ತು ವಿಧಿಸಿದ್ದ 18 ತಿಂಗಳ ನಿಷೇಧವನ್ನು ಸುಪ್ರೀಂ ಕೋರ್ಟ್ ಛೀಮಾರಿಗೆ ಇಳಿಸಿತು ಎಂಬುದನ್ನೂ ಹೇಳಬೇಕು. ತತ್ತ್ವ ಗಟ್ಟಿ, ಶಿಕ್ಷೆ ಮೃದು.

ತತ್ತ್ವ ಗಟ್ಟಿಯಾಗಿದೆಯೆಂದು ಕಡತ ನಾಳೆಯೇ ಕೈಗೆ ಬರುವುದಿಲ್ಲ. ಆದ್ದರಿಂದ ಕೇಳುತ್ತಲೇ ಇರಿ, ಜೊತೆಗೆ ಕಡತವಿಲ್ಲದೆ ಬದುಕುವ ವ್ಯವಸ್ಥೆಯನ್ನೂ ಮಾಡಿಕೊಳ್ಳಿ. ನಾವು ಒಂದು ಸಂಜೆ ಕುಳಿತು, ಹಳೆಯ ವಕೀಲರ ಬಳಿ ಏನೇನಿದೆ ಎಂದು ಪಟ್ಟಿ ಮಾಡಿದೆವು. ವಾದಪತ್ರ, ಪ್ರತಿವಾದಿಯ ಲಿಖಿತ ತಕರಾರು, ಮಧ್ಯಂತರ ಅರ್ಜಿಗಳು: ಇವೆಲ್ಲ ನ್ಯಾಯಾಲಯದ ಕಡತದಲ್ಲೇ ಇವೆ, ನಕಲಿಗೆ ಅರ್ಜಿ ಹಾಕಿದರೆ ಸಿಗುತ್ತವೆ. ಪಹಣಿ, ಮ್ಯುಟೇಶನ್: ಭೂಮಿ ಕೇಂದ್ರದಲ್ಲಿ ಮತ್ತೆ ತೆಗೆಸಬಹುದು. ನೋಂದಾಯಿತ ಪತ್ರಗಳು: ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ಪ್ರತಿ. ಸಾಕ್ಷಿಯಲ್ಲಿ ನಿಶಾನೆ ಮಾಡಿಸಿದ ಮೂಲ ದಾಖಲೆಗಳು ವಕೀಲರ ಬಳಿ ಇರುವುದೇ ಇಲ್ಲ, ನ್ಯಾಯಾಲಯದಲ್ಲಿರುತ್ತವೆ. ಪಟ್ಟಿ ಮುಗಿದಾಗ ಉಳಿದದ್ದು ಎರಡೇ ಎರಡು ಕಾಗದ: ಅಜ್ಜನ ಕಾಲದ, ನೋಂದಣಿಯಾಗದ ಪಾಲುಪಟ್ಟಿ, ಮತ್ತು ಅಜ್ಜಿಯ ಕೈಬರಹದ ಒಂದು ಚೀಟಿ. ನಲವತ್ತು ಸಾವಿರದ ಇಡೀ ಹಗ್ಗಜಗ್ಗಾಟ ನಿಂತಿದ್ದು ಆ ಎರಡು ಕಾಗದಗಳ ಮೇಲೆ. ಅದು ತಿಳಿದ ಮೇಲೆ ಮನಸ್ಸು ಎಷ್ಟೋ ಹಗುರಾಯಿತು.

ಕಡತ ಪಡೆಯುವ ದಿನ ಕಾಗದಗಳನ್ನು ಒಂದೊಂದಾಗಿ ಎಣಿಸಿ, ಪಟ್ಟಿ ಬರೆದು, ಸ್ವೀಕೃತಿಗೆ ಸಹಿ ಹಾಕಿ. "ಇನ್ನು ಯಾವ ಹಕ್ಕುಬಾಧ್ಯತೆಯೂ ಇಲ್ಲ" ಎಂಬ ಸಾಲು ಅದರಲ್ಲಿ ಇದ್ದರೆ, ಲೆಕ್ಕ ಮುಗಿಯುವ ತನಕ ಸಹಿ ಬೇಡ. ಸಹಿ ಮಾಡಿ ಕೊಟ್ಟ ಖಾಲಿ ಕಾಗದ, ಖಾಲಿ ವಕಾಲತ್ತು, ಖಾಲಿ ಚೆಕ್ ಇದ್ದರೆ ಮೊದಲು ಅದನ್ನೇ ಕೇಳಿ. ಅಂಥದ್ದನ್ನು ಕೊಟ್ಟಿಲ್ಲ ಎಂದು ನೀವು ಅಂದುಕೊಂಡಿರಬಹುದು. ಮನೆಯಲ್ಲಿ ಹಿರಿಯರನ್ನು ಒಮ್ಮೆ ಕೇಳಿ ನೋಡಿ.

ಮನೆಯ ಗುಟ್ಟೆಲ್ಲ ಹಳೆಯ ವಕೀಲರಿಗೆ ಗೊತ್ತಿದೆ, ಎದುರಾಳಿಗೆ ಹೇಳಿದರೆ ಎಂಬ ಭಯ ನಮ್ಮ ಅತ್ತಿಗೆಗೆ ಇತ್ತು. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 132ನೆಯ ಕಲಂ ಪ್ರಕಾರ ಪಕ್ಷಗಾರ ಹೇಳಿದ್ದನ್ನು ಗುಟ್ಟಾಗಿಡುವ ಬಾಧ್ಯತೆ ವಕಾಲತ್ತು ಮುಗಿದ ಮೇಲೂ ಮುಂದುವರಿಯುತ್ತದೆ. ಶುಲ್ಕ ಬಾಕಿ ಎಂಬುದು ಅದನ್ನು ಸಡಿಲಿಸುವುದಿಲ್ಲ.

ಮೂರನೆಯ ಹೆಜ್ಜೆ: ಲೆಕ್ಕದ ಪುಸ್ತಕ

ಇಲ್ಲಿ ನಿಧಾನ ಬೇಕು. ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ಎರಡು ಕಲಂ ಹಾಕಿ: ಎಡಕ್ಕೆ ಶುಲ್ಕ, ಬಲಕ್ಕೆ ಖರ್ಚು. ಈ ಎರಡನ್ನು ಬೆರೆಸುವುದರಿಂದಲೇ ತೊಂಬತ್ತು ಪಾಲು ಜಗಳ ಹುಟ್ಟುತ್ತದೆ ಎಂಬುದು ನನ್ನ ಅನಿಸಿಕೆ. ವಕೀಲರು "ಐದು ಸಾವಿರ ಕೊಡಿ" ಎನ್ನುತ್ತಾರೆ, ನಾವು ಕೊಡುತ್ತೇವೆ. ಅದು ಅವರ ದುಡಿಮೆಗೋ, ಕೋರ್ಟ್ ಫೀಗೋ ಎಂದು ಇಬ್ಬರೂ ಹೇಳಿಕೊಳ್ಳುವುದಿಲ್ಲ. ಎರಡು ವರ್ಷದ ನಂತರ ಅವರ ನೆನಪಿನಲ್ಲಿ ಅದು ಖರ್ಚು, ನಮ್ಮ ನೆನಪಿನಲ್ಲಿ ಶುಲ್ಕ.

ಪರಿಷತ್ತಿನ ನಿಯಮಗಳು ಈ ವಿಷಯದಲ್ಲಿ ಪಕ್ಷಗಾರನ ಪರವಾಗಿವೆ. ವಕೀಲರು ಪಕ್ಷಗಾರನ ಹಣಕ್ಕೆ ಲೆಕ್ಕ ಇಡಬೇಕು (ನಿಯಮ 25). ಬಂದ ಹಣ ಶುಲ್ಕವೋ ಖರ್ಚೋ ಎಂದು ಲೆಕ್ಕದಲ್ಲಿ ಕಾಣಬೇಕು. ಖರ್ಚಿಗೆ ಕೊಟ್ಟದ್ದನ್ನು ಪ್ರಕರಣ ನಡೆಯುತ್ತಿರುವಾಗ ಪಕ್ಷಗಾರನ ಲಿಖಿತ ಒಪ್ಪಿಗೆ ಇಲ್ಲದೆ ಶುಲ್ಕಕ್ಕೆ ತಿರುಗಿಸುವಂತಿಲ್ಲ (ನಿಯಮ 26). ನಕಲು ಮಾಡುವ ಖರ್ಚು ಕೊಟ್ಟು ಕೇಳಿದರೆ ಲೆಕ್ಕದ ಪ್ರತಿ ಕೊಡಬೇಕು (ನಿಯಮ 30). ವಕೀಲರೇ ಪ್ರಕರಣ ಬಿಟ್ಟು ಹೋದರೆ ಗಳಿಸದ ಶುಲ್ಕದ ಭಾಗವನ್ನು ಹಿಂತಿರುಗಿಸಬೇಕು (ನಿಯಮ 12). ಇನ್ನೊಂದು ಕಡೆಯದ್ದೂ ಇದೆ: ಪ್ರಕರಣ ಮುಗಿದ ಮೇಲೆ ಖರ್ಚಿನಲ್ಲಿ ಉಳಿದದ್ದನ್ನು ನಿಗದಿಯಾದ ಶುಲ್ಕದ ಬಾಕಿಗೆ ಹಿಡಿದುಕೊಳ್ಳಲು ವಕೀಲರಿಗೆ ಅವಕಾಶವಿದೆ. ಶುಲ್ಕ ನಿಗದಿಯಾಗಿರದಿದ್ದರೆ ನ್ಯಾಯಾಲಯದ ನಿಯಮದಂತೆ ಬರುವಷ್ಟನ್ನು ಕಳೆದುಕೊಂಡು ಉಳಿದದ್ದನ್ನು ಹಿಂತಿರುಗಿಸಬೇಕು.

ಪುರಾವೆ ಎಲ್ಲಿಂದ? ಬ್ಯಾಂಕ್ ಪಾಸ್‌ಬುಕ್, ಚೆಕ್‌ನ ಅಡಿಪ್ರತಿ, ಫೋನ್‌ಪೇ ದಾಖಲೆ. ನಮ್ಮ ಕಡೆ ಅಡಿಕೆ ವಿಕ್ರಿಯಾದ ವಾರವೇ ಬಾಕಿ ತೀರಿಸುವ ರೂಢಿ; ಸಹಕಾರಿ ಸಂಘದ ಲೆಕ್ಕಪತ್ರದಲ್ಲಿ ಆ ದಿನ ಹಣ ತೆಗೆದ ದಾಖಲೆ ಇತ್ತು. ನಗದು ಕೊಟ್ಟದ್ದಕ್ಕೆ ಅದು ಪೂರ್ಣ ಪುರಾವೆಯಲ್ಲ, ಆದರೆ ನೆನಪಿಗೆ ಊರುಗೋಲು. ವಾಟ್ಸ್‌ಆ್ಯಪ್‌ನಲ್ಲಿ "ತಲುಪಿತು" ಎಂದು ಬಂದ ಒಂದು ಪದವೂ ಬೆಲೆಯುಳ್ಳದ್ದು. ಯಂತ್ರದಲ್ಲಿ ಮುದ್ರಿಸಿದ ಚೀಟಿಗಳ ಫೋಟೊ ತೆಗೆದಿಟ್ಟುಕೊಳ್ಳಿ. ಮಲೆನಾಡಿನ ಒಂದು ಮಳೆಗಾಲ ಸಾಕು, ಅಕ್ಷರ ಮಾಯವಾಗಿ ಬಿಳಿ ಕಾಗದ ಉಳಿಯುತ್ತದೆ.

ನಮ್ಮ ಲೆಕ್ಕ ಹೀಗಿತ್ತು. ಬಾಯಿಮಾತಿನ ಒಪ್ಪಂದ ತೀರ್ಪಿನ ತನಕ 45,000 ರೂಪಾಯಿ: ದಾವೆ ಹಾಕುವಾಗ 15,000, ಸಾಕ್ಷಿಗೆ 15,000, ವಾದಕ್ಕೆ 15,000. ತಡೆಯಾಜ್ಞೆಯ ಅರ್ಜಿಗೆ ಪ್ರತ್ಯೇಕ 5,000. ಮೊದಲ ಹಂತ ಪೂರ್ತಿ ಆಗಿತ್ತು, ಸಾಕ್ಷಿ ಅರ್ಧ. ಅಲ್ಲಿಗೆ 15,000, 7,500 ಮತ್ತು 5,000 ಸೇರಿ 27,500. ಶುಲ್ಕವೆಂದು ಕೊಟ್ಟದ್ದು 27,000. ಖರ್ಚಿಗೆಂದು ಬೇರೆ 9,000 ಕೊಟ್ಟಿದ್ದೆವು. ರಸೀದಿ ಸಿಕ್ಕಿದ್ದು 6,200ಕ್ಕೆ, ಟೈಪಿಂಗ್ ಮತ್ತು ಓಡಾಟಕ್ಕೆ ನಾವಾಗಿಯೇ ಒಪ್ಪಿದ್ದು 1,500. ಉಳಿದದ್ದು 1,300. ಶುಲ್ಕದ ಬಾಕಿ 500 ಕಳೆದರೆ ಅವರೇ ನಮಗೆ 800 ಕೊಡಬೇಕು. ಅವರು ಕೇಳುತ್ತಿದ್ದದ್ದು 40,000.

ಇಷ್ಟು ದೊಡ್ಡ ಅಂತರ ಕಂಡಾಗ ಎದುರಿನವರು ಮೋಸಗಾರರು ಎಂದು ತೀರ್ಮಾನಿಸುವುದು ಸುಲಭ. ಆ ನಿವೃತ್ತ ನೌಕರರು ಮತ್ತೊಂದು ಪುಟ ಬರೆಸಿದರು: ವಕೀಲರ ಜಾಗದಲ್ಲಿ ಕುಳಿತು, ಅವರು ಮಾಡಿದ ಆದರೆ ನಾವು ಲೆಕ್ಕಕ್ಕೆ ಹಿಡಿಯದ ಕೆಲಸಗಳ ಪಟ್ಟಿ. ಆಗ ನೆನಪಾಯಿತು, ಸ್ಥಳ ಪರಿಶೀಲನೆಗೆ ನ್ಯಾಯಾಲಯ ನೇಮಿಸಿದ ಕೋರ್ಟ್ ಕಮಿಷನರ್ ತೋಟ ನೋಡಲು ಬಂದ ಎರಡು ದಿನ ವಕೀಲರು ತಮ್ಮ ಇತರ ಪ್ರಕರಣಗಳನ್ನು ಬಿಟ್ಟು, ಉಂಬಳಗಳ (ಜಿಗಣೆಗಳ) ನಡುವೆ ಇಡೀ ಬೆಟ್ಟ ಸುತ್ತಿದ್ದರು. ಅದು ಮೂರು ಹಂತಗಳ ಯಾವುದರೊಳಗೂ ಬರುವುದಿಲ್ಲ. ಈ ಪುಟ ಬರೆಯಲು ಭಾವ ಒಪ್ಪಲೇ ಇಲ್ಲ, ನಾನೇ ಬರೆದೆ. ತಕರಾರು ಮುಗಿದದ್ದು ಆ ಪುಟದಿಂದ.

ಬಿಲ್ ಬಂದರೆ ಒಂದು ಸಾಲನ್ನು ನೋಡಿ. ವ್ಯಾಪಾರವಲ್ಲದ ಸ್ವಂತ ವಿಷಯಕ್ಕೆ ವೈಯಕ್ತಿಕವಾಗಿ ವಕೀಲಿ ಮಾಡುವವರಿಂದ ಪಡೆದ ಸೇವೆಗೆ ಜಿಎಸ್‌ಟಿ ಇಲ್ಲ. ಮನೆಯ ಪಾಲಿನ ದಾವೆಯ ಬಿಲ್‌ನಲ್ಲಿ ಶೇ. 18 ಸೇರಿದ್ದರೆ ಏಕೆಂದು ಕೇಳಬಹುದು.

ಶೇಕಡಾ ಮಾತಾಗಿದ್ದರೆ

ಕರಾವಳಿಯವರಿಗೆ ಇದನ್ನು ಬೇರೆಯಾಗಿಯೇ ಹೇಳಬೇಕು. ಕೈಗಾ, ಕೊಂಕಣ ರೈಲ್ವೆ, ಸೀಬರ್ಡ್ ನೌಕಾನೆಲೆ, ಆಮೇಲೆ ಹೆದ್ದಾರಿ 66ರ ಅಗಲೀಕರಣ: ಕಾರವಾರದಿಂದ ಭಟ್ಕಳದವರೆಗೆ ಭೂಸ್ವಾಧೀನದ ಪರಿಹಾರದ ಮಾತಿಲ್ಲದ ಊರು ಕಡಿಮೆ. ಪರಿಹಾರ ಹೆಚ್ಚಿಸುವ ದಾವೆ, ಅಪಘಾತ ಪರಿಹಾರದ ಅರ್ಜಿ, ಇವುಗಳಲ್ಲಿ "ಈಗ ಏನೂ ಬೇಡ, ಬಂದಾಗ ಇಷ್ಟು ಪರ್ಸೆಂಟ್" ಎಂಬ ಮಾತು ಬಡವನಿಗೆ ಸಿಹಿಯಾಗಿ ಕೇಳಿಸುತ್ತದೆ.

ಪರಿಷತ್ತಿನ 20ನೆಯ ನಿಯಮ ಫಲಿತಾಂಶಕ್ಕೆ ಕಟ್ಟಿದ ಶುಲ್ಕವನ್ನೂ ಬಂದ ಹಣದಲ್ಲಿ ಪಾಲನ್ನೂ ನಿಷೇಧಿಸುತ್ತದೆ. ಬಿ. ಸುನೀತಾ ವಿರುದ್ಧ ತೆಲಂಗಾಣ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಇಂಥದ್ದನ್ನೇ ನೋಡಿತು. ಅಪಘಾತ ಪರಿಹಾರದಲ್ಲಿ ಶೇಕಡಾವಾರು ಶುಲ್ಕವೆಂದು ಪಡೆದ ಚೆಕ್ ಬೌನ್ಸ್ ಆಗಿತ್ತು, ವಕೀಲರು ಪ್ರಕರಣ ಹೂಡಿದ್ದರು. ಬೇಡಿಕೆಯೇ ಕಾನೂನಿಗೆ ವಿರುದ್ಧ ಎಂದು ನ್ಯಾಯಾಲಯ ಅದನ್ನು ರದ್ದುಮಾಡಿತು.

ಇದರಿಂದ ಏನೂ ಕೊಡಬೇಕಿಲ್ಲ ಎಂದಾಗುವುದಿಲ್ಲ. ಮಾಡಿದ ಕೆಲಸಕ್ಕೆ ನ್ಯಾಯವಾದ ಶುಲ್ಕ ಉಂಟು, ಪಾಲು ಮಾತ್ರ ಇಲ್ಲ. ನೀವು ಕೊಟ್ಟ ಚೆಕ್ ಬ್ಯಾಂಕಿಗೆ ಹೋಗಿ ಹಿಂದೆ ಬಂದು, ನಿಮಗೆ ನೋಟಿಸ್ ಬಂದರೆ ಆ ತೀರ್ಪಿನ ಬಲದಲ್ಲಿ ಸುಮ್ಮನೆ ಕೂರಬೇಡಿ. ನೋಟಿಸ್ ತಲುಪಿದ 15 ದಿನಗಳೊಳಗೆ ಹೊಸ ವಕೀಲರ ಮೂಲಕ ಉತ್ತರ ಹೋಗಬೇಕು.

ನಾಲ್ಕನೆಯ ಹೆಜ್ಜೆ: ಎದುರು ಕೂತು ಮಾತು, ಆಮೇಲೆ ಪತ್ರ

ಕೋರ್ಟಿನ ಜಗುಲಿಯಲ್ಲಿ, ಇತರ ಪಕ್ಷಗಾರರ ಎದುರು ಈ ಮಾತು ಎತ್ತಬೇಡಿ. ಸಂಜೆ ಅವರ ಕಚೇರಿಗೆ, ಹೇಳಿಯೇ ಹೋಗಿ. ಇಬ್ಬರೂ ಗೌರವಿಸುವ ಒಬ್ಬರು ಜೊತೆಗಿದ್ದರೆ ಒಳ್ಳೆಯದು, ಸಿಟ್ಟಿನವರು ಮನೆಯಲ್ಲಿರಲಿ. "ನೀವು ಹೆಚ್ಚು ಕೇಳುತ್ತಿದ್ದೀರಿ" ಎನ್ನುವ ಬದಲು "ನಲವತ್ತು ಸಾವಿರ ಹೇಗೆ ಬಂತು, ಒಂದು ಕಾಗದದ ಮೇಲೆ ಬರೆದುಕೊಡಿ" ಎಂದು ಕೇಳಿ. ಬರೆಯಲು ಕುಳಿತಾಗ ಮೊತ್ತಗಳು ತಾವಾಗಿಯೇ ತಗ್ಗುವುದುಂಟು.

ಮಾತಿನಲ್ಲಿ ಮುಗಿಯದಿದ್ದರೆ ಪತ್ರ. ನಾವು ಬರೆದದ್ದು ಹೆಚ್ಚುಕಡಿಮೆ ಹೀಗೆ:

"ಮಾನ್ಯರೇ, ಅಸಲು ದಾವೆ ಸಂಖ್ಯೆ ______ ರಲ್ಲಿ ತಾವು ನಮ್ಮ ಪರವಾಗಿ ಕೆಲಸ ಮಾಡಿದ್ದೀರಿ. ದಿನಾಂಕ ______ ರಿಂದ ನಾವು ಬೇರೆ ವಕೀಲರನ್ನು ನೇಮಿಸಿಕೊಂಡಿದ್ದೇವೆ. ಜೊತೆಗಿನ ಪಟ್ಟಿಯಲ್ಲಿರುವ ಕಾಗದಪತ್ರಗಳನ್ನು ಈ ಪತ್ರ ತಲುಪಿದ ಏಳು ದಿನಗಳಲ್ಲಿ ಕೊಡಬೇಕೆಂದು ಕೋರುತ್ತೇವೆ. ನಾವು ಕೊಟ್ಟ ಹಣದ ವಿವರ ಲಗತ್ತಿಸಿದೆ. ಶುಲ್ಕ ಮತ್ತು ಖರ್ಚನ್ನು ಬೇರೆ ಬೇರೆಯಾಗಿ ತೋರಿಸಿದ ತಮ್ಮ ಲೆಕ್ಕದ ಪ್ರತಿಯನ್ನು ದಯವಿಟ್ಟು ಕೊಡಿ. ನಕಲಿನ ವೆಚ್ಚ ಕೊಡುತ್ತೇವೆ. ಲೆಕ್ಕ ನೋಡಿದ ಮೇಲೆ ನ್ಯಾಯವಾಗಿ ಬಾಕಿ ಬಂದರೆ ತೀರಿಸಲು ನಾವು ಸಿದ್ಧ. ಕಾಗದಪತ್ರಗಳನ್ನು ಪಡೆಯುವುದು ಲೆಕ್ಕದ ಇತ್ಯರ್ಥಕ್ಕೆ ಒಳಪಟ್ಟಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇವೆ."

ಬೆದರಿಕೆ ಇಲ್ಲ, ಕಲಂಗಳ ಸುರಿಮಳೆ ಇಲ್ಲ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ಪುರಾವೆಯನ್ನು ಮುದ್ರಿಸಿಟ್ಟುಕೊಳ್ಳಿ. ಮೊತ್ತದಲ್ಲಿ ತಕರಾರಿಲ್ಲದ ಭಾಗ ಇದ್ದರೆ ಅದನ್ನು ಪತ್ರದ ಜೊತೆಗೇ ಬ್ಯಾಂಕ್ ಮೂಲಕ ಕಳಿಸಿಬಿಡುವುದು ಉತ್ತಮ.

ಐದನೆಯ ಹೆಜ್ಜೆ: ಮೂರನೆಯವರ ಮುಂದೆ

ತಾಲೂಕು ವಕೀಲರ ಸಂಘದ ಹಿರಿಯರಿಗೆ ಕಾನೂನಿನ ಅಧಿಕಾರವೇನೂ ಇಲ್ಲ, ಆದರೆ ಅವರ ಮಾತಿಗೆ ತೂಕವಿದೆ. ಅಲ್ಲಿ ಆಗದಿದ್ದರೆ ಕಾನೂನು ಸೇವಾ ಪ್ರಾಧಿಕಾರ: ಜಿಲ್ಲೆಯದ್ದು ಕಾರವಾರದಲ್ಲಿ, ತಾಲೂಕುಗಳಲ್ಲಿ ಅದರ ಸಮಿತಿಗಳಿವೆ, ಸಹಾಯವಾಣಿ 15100. ದಾವೆ ಹೂಡುವ ಮೊದಲೇ ವಿವಾದವನ್ನು ಲೋಕ ಅದಾಲತ್‌ಗೆ ಒಯ್ಯಬಹುದು. ಕೋರ್ಟ್ ಫೀ ಇಲ್ಲ. ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಇಬ್ಬರೂ ಒಪ್ಪಬೇಕು ಎಂಬುದೇ ಅದರ ಮಿತಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಉಚಿತ ವಕೀಲರನ್ನೂ ಅಲ್ಲಿಯೇ ಕೇಳಬಹುದು.

ಕೊನೆಯದು ಸಿವಿಲ್ ದಾವೆ. ಹೆಚ್ಚು ಕೊಟ್ಟದ್ದನ್ನು ವಾಪಸು ಕೇಳಿ ನೀವು ಹೂಡಬಹುದು, ಬಾಕಿ ಕೇಳಿ ಅವರೂ ಹೂಡಬಹುದು. 1926ರ ಕಾನೂನು ವೃತ್ತಿಗಾರರ ಶುಲ್ಕ ಅಧಿನಿಯಮ ಆ ಹಕ್ಕನ್ನು ವಕೀಲರಿಗೆ ಕೊಟ್ಟಿದೆ. ಮೊತ್ತ ಮಾತಾಗಿರದಿದ್ದರೆ ನ್ಯಾಯಾಲಯದ ವೆಚ್ಚ ಲೆಕ್ಕಹಾಕುವ ನಿಯಮದಂತೆ ಶುಲ್ಕ. ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಹತ್ತಿಪ್ಪತ್ತು ಸಾವಿರಕ್ಕೆ ಈ ದಾರಿ ಹಿಡಿಯುವುದು ಇಲಿಗಾಗಿ ಮನೆ ಸುಟ್ಟಂತೆ. ವಕೀಲರಿಂದ ದಾವೆಯ ಸಮನ್ಸ್ ಬಂದರೆ ಮಾತ್ರ ಕಡೆಗಣಿಸುವಂತಿಲ್ಲ.

ನಡತೆಯ ದೂರು: ಯಾವಾಗ, ಯಾವಾಗ ಅಲ್ಲ

ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡುವುದು ವಕೀಲರ ಅಧಿನಿಯಮ 1961ರ 35ನೆಯ ಕಲಂ ಅಡಿಯಲ್ಲಿ. ಶುಲ್ಕ ದುಬಾರಿಯಾಯಿತು, ದಾವೆ ಸೋತಿತು, ಫೋನ್ ಎತ್ತಲಿಲ್ಲ ಎಂಬ ದೂರುಗಳಿಗೆ ಅಲ್ಲಿ ಬಲ ಕಡಿಮೆ. ಪತ್ರ ಬರೆದ ಮೇಲೂ ಕಡತ ಕೊಡದಿದ್ದರೆ, ನಿಮ್ಮ ಹೆಸರಿಗೆ ಬಂದ ಹಣವನ್ನು ಕೊಡದಿದ್ದರೆ, ನಿಮ್ಮನ್ನು ಕೇಳದೆ ರಾಜಿ ಮಾಡಿದ್ದರೆ, ಅದೇ ವಿವಾದದಲ್ಲಿ ಎದುರಾಳಿಯ ಪರ ಸೇರಿದ್ದರೆ ದೂರಿಗೆ ಬಲವಿದೆ.

ದೂರು ಅರ್ಜಿಯ ರೂಪದಲ್ಲಿ, ಸಹಿ ಮತ್ತು ಸತ್ಯಾಪನೆಯೊಂದಿಗೆ (ಬರೆದದ್ದು ನಿಜ ಎಂಬ ಹೇಳಿಕೆ) ಇರಬೇಕು. ಕನ್ನಡದಲ್ಲೇ ಬರೆಯಬಹುದು, ನಿಯಮವೇ ರಾಜ್ಯಭಾಷೆಗೆ ಅವಕಾಶ ಕೊಟ್ಟಿದೆ. ಪರಿಷತ್ತಿಗೆ ಮೇಲ್ನೋಟಕ್ಕೆ ದುರ್ನಡತೆ ಎನಿಸಿದರೆ ಶಿಸ್ತು ಸಮಿತಿಗೆ ಕಳಿಸುತ್ತದೆ. ವರ್ಷದೊಳಗೆ ಮುಗಿಯದಿದ್ದರೆ ಪ್ರಕರಣ ಭಾರತೀಯ ಪರಿಷತ್ತಿಗೆ ಹೋಗುತ್ತದೆ. ಶಿಕ್ಷೆ ಎಂದರೆ ಛೀಮಾರಿ, ಅಮಾನತು, ಇಲ್ಲವೇ ಪಟ್ಟಿಯಿಂದ ಹೆಸರು ತೆಗೆಯುವುದು. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನಗಳಲ್ಲಿ ಮೇಲ್ಮನವಿ. ನಿಮ್ಮ ಹಣ ವಸೂಲು ಮಾಡಿಕೊಡುವ ಜಾಗ ಅದಲ್ಲ.

ನಮಗೆ ಗೊತ್ತಿಲ್ಲದೆ ನಾವು ಮಾಡಿದ ದೊಡ್ಡ ತಪ್ಪು ಇಲ್ಲಿಯೇ. ದೂರು ಕೊಡುತ್ತೇವೆ ಎಂಬುದನ್ನು ಚೌಕಾಶಿಯ ಅಸ್ತ್ರ ಮಾಡಿಕೊಂಡೆವು. ಆದರೆ ದೂರುದಾರ ರಾಜಿಯಾದ ಅಥವಾ ದೂರು ಹಿಂತೆಗೆದುಕೊಂಡ ಎಂಬ ಒಂದೇ ಕಾರಣಕ್ಕೆ ಶಿಸ್ತು ವಿಚಾರಣೆಯನ್ನು ಕೈಬಿಡುವಂತಿಲ್ಲ ಎಂದು ನಿಯಮವಿದೆ. ಒಮ್ಮೆ ಬಿಟ್ಟ ಬಾಣ ಮತ್ತೆ ಬತ್ತಳಿಕೆಗೆ ಬರುವುದಿಲ್ಲ. ಹಳೆಯ ವಕೀಲರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಆ ಫೋನಿನ ನಂತರ ಅವರು ಒಂದು ತಿಂಗಳು ಮಾತೇ ಆಡಲಿಲ್ಲ.

ತಟ್ಟಬಾರದ ಬಾಗಿಲುಗಳು

ಗ್ರಾಹಕ ಆಯೋಗ ಬೇಡ. 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ವಕೀಲರ ಸೇವೆಯೂ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಎಂದಿತ್ತು. ಅಂತರ್ಜಾಲದ ಹಳೆಯ ಬರಹಗಳು ಈಗಲೂ ಅದನ್ನೇ ಹೇಳುತ್ತಿವೆ, ಭಾವ ಓದಿದ್ದೂ ಅದನ್ನೇ. 2024ರ ಮೇ 14ರಂದು ಸುಪ್ರೀಂ ಕೋರ್ಟ್ ಆ ಬಾಗಿಲನ್ನು ಮುಚ್ಚಿತು. ಪೊಲೀಸರೂ ಬೇಡ; ವಕೀಲರು ಪರಿಹಾರದ ಹಣವನ್ನೇ ನುಂಗಿಹಾಕಿದ್ದಾರೆ ಎಂಬುದಕ್ಕೆ ಕಾಗದದ ಪುರಾವೆ ಇದ್ದರೆ ಅದು ನಂಬಿಕೆ ದ್ರೋಹದ ವಿಷಯ, ಬಾಕಿಯ ಲೆಕ್ಕವಲ್ಲ. ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರು ಹಾಕಿ ಬರೆಯುವುದಂತೂ ಬೇಡವೇ ಬೇಡ. ಮಾನನಷ್ಟದ ನೋಟಿಸ್ ಬರೆಯಲು ಅವರಿಗೆ ಬೇರೆ ವಕೀಲರನ್ನು ಹುಡುಕುವ ಶ್ರಮವೂ ಇಲ್ಲ.

ನಮ್ಮದು ಮುಗಿದದ್ದು ದೀಪಾವಳಿಯ ಹಿಂದಿನ ವಾರ, ಅವರ ಕಚೇರಿಯಲ್ಲಿ. ಪತ್ರ ತಲುಪಿದ ಐದನೆಯ ದಿನ ಗುಮಾಸ್ತರ ಕೈಯಲ್ಲಿ ಕಡತ ಬಂದಿತ್ತು, ಪಾಲುಪಟ್ಟಿ ಮತ್ತು ಚೀಟಿಯ ಸಮೇತ. ಲೆಕ್ಕ ಮಾತ್ರ ಉಳಿದಿತ್ತು. ನಾನು ಆ ಎರಡನೆಯ ಪುಟವನ್ನು ಅವರ ಮುಂದಿಟ್ಟೆ: ಕಮಿಷನರ್ ಬಂದ ಎರಡು ದಿನಕ್ಕೆ ದಿನಕ್ಕೆ 3,000ದಂತೆ 6,000, ಅದರಲ್ಲಿ ನಮಗೆ ಬರಬೇಕಾದ 800 ಕಳೆದು 5,200. ಅವರು ಬಹಳ ಹೊತ್ತು ನೋಡಿದರು. "ಉಂಬಳ ಹತ್ತಿದ್ದು ನೆನಪಿದೆಯಲ್ಲ ನಿಮಗೆ" ಎಂದರು. ಬ್ಯಾಂಕ್ ಮೂಲಕ ಹಣ ಹಾಕಿದೆವು. ರಸೀದಿಯಲ್ಲಿ ಅವರ ಕೈಯಿಂದಲೇ ಬರೆಸಿದ ಸಾಲು: "ಈ ದಾವೆಗೆ ಸಂಬಂಧಿಸಿದ ಶುಲ್ಕ ಮತ್ತು ಖರ್ಚು ಪೂರ್ತಿ ಸಂದಾಯವಾಗಿದೆ, ಯಾವ ಕಾಗದಪತ್ರವೂ ನನ್ನ ಬಳಿ ಉಳಿದಿಲ್ಲ." ಕೆಳಗೆ ತಾರೀಕು, ಸಹಿ, ಮೊಹರು.